ಬಚ್ಚಲಿನ ಚಿಲಕ, ಪಲಮನೇರಿನ ರೇಟು

ರೇಟು ಕೇಳಲೆಂದೇ ಅಂಗಡಿ ಮೆಟ್ಟಿಲು ಹತ್ತುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೋದ ವಾರ ಬೈರಕೂರಿನ ಕಡೆಯ ಒಬ್ಬ ಹುಡುಗ ಬಂದಿದ್ದ. ಮನೆ ಕಟ್ಟುತ್ತಿದ್ದಾನಂತೆ. ಒಂದು ಗಂಟೆ ಹೊತ್ತು ನಲ್ಲಿ, ಬೀಗ, ಬಾಗಿಲ ಹಿಡಿ ಎಲ್ಲವನ್ನೂ ಇಳಿಸಿ ನೋಡಿದ, ಒಂದೊಂದರ ಚೀಟಿಯನ್ನೂ ಫೋಟೋ ಹೊಡೆದುಕೊಂಡ. ಆಮೇಲೆ ಫೋನನ್ನು ನನ್ನ ಮೂಗಿನ ಮುಂದೆ ಹಿಡಿದು, ಗಡಿಯಾಚೆ ಪಲಮನೇರಿನಲ್ಲಿ ಇದೇ ನಲ್ಲಿ ನಲವತ್ತು ರೂಪಾಯಿ ಕಮ್ಮಿ ಎಂದ. ನಾನು ನಲ್ಲಿಯನ್ನು ಅವನ ಕೈಯಿಂದ ತೆಗೆದುಕೊಂಡು ಡಬ್ಬಕ್ಕೆ ಹಾಕಿದೆ. ಪಲಮನೇರಿನ ಬಸ್ಸು ಹತ್ತಕ್ಕಿದೆ, ಬೇಗ ನಡೆದರೆ ಸಿಗುತ್ತದೆ ಎಂದೆ. ಅವನು ಹೋದ ಮೇಲೆ ನನ್ನ ಹೆಂಡತಿ, ಬಂದ ಗಿರಾಕಿಯನ್ನು ಹೀಗೆ ಓಡಿಸುವ ಗಂಡಸನ್ನು ಎಲ್ಲೂ ಕಂಡಿಲ್ಲ ಎಂದು ಹಣೆ ಚಚ್ಚಿಕೊಂಡಳು. ಅವಳು ನಮ್ಮಪ್ಪನನ್ನು ಕಂಡದ್ದು ಅವನ ಕೊನೆಯ ವರ್ಷಗಳಲ್ಲಿ. ಆಗ ಅಪ್ಪ ಯಾರನ್ನೂ ಓಡಿಸುತ್ತಿರಲಿಲ್ಲ, ಓಡಿಸಲು ಗಿರಾಕಿಗಳೇ ಹೆಚ್ಚು ಉಳಿದಿರಲಿಲ್ಲ.

ಮುಳಬಾಗಿಲಿನ ಪೇಟೆಯಲ್ಲಿ ನಮ್ಮದು ಮುಂದೆ ಹಾರ್ಡ್‌ವೇರ್ ಅಂಗಡಿ, ಹಿಂದೆ ಮನೆ. ನಡುವೆ ಒಂದು ಗೋಣಿತಾಟಿನ ಪರದೆ. ಅಂಗಡಿಯಲ್ಲಿ ಜಾಗ ಸಾಲದೆ ಸರಕು ಮನೆಯೊಳಕ್ಕೆ ನುಗ್ಗಿತ್ತು. ನಡುಮನೆಯಲ್ಲಿ ಮೊಳೆಯ ಮೂಟೆಗಳು, ಅವುಗಳ ಮೇಲೆ ನಮ್ಮ ಹಾಸಿಗೆ. ದೇವರ ಗೂಡಿನ ಕೆಳಗೆ ತಂತಿಯ ಸುರುಳಿಗಳು. ಅಡುಗೆಮನೆ ಮೂಲೆಯಲ್ಲಿ ಪೇಂಟಿನ ಡಬ್ಬಗಳು, ಅವುಗಳ ಪಕ್ಕದಲ್ಲೇ ರಾಗಿ ಹಿಟ್ಟಿನ ಡಬ್ಬ. ಮುದ್ದೆಗೂ ತುಕ್ಕಿನ ವಾಸನೆ ಹತ್ತಿರುತ್ತಿತ್ತು. ನೆಲದ ಮೇಲೆ ಎಲ್ಲಿ ಮೊಳೆ ಬಿದ್ದಿದೆಯೋ ಹೇಳುವಂತಿರಲಿಲ್ಲ, ಹಾಗಾಗಿ ಅಕ್ಕನೂ ನಾನೂ ಕಾಲು ಎತ್ತಿಡುತ್ತಿರಲಿಲ್ಲ, ನೆಲ ಸವರಿಕೊಂಡು ನಡೆಯುತ್ತಿದ್ದೆವು. ಅಕ್ಕ ಮದುವೆಯಾಗಿ ಶ್ರೀನಿವಾಸಪುರಕ್ಕೆ ಹೋಗಿ ಮೊಮ್ಮಕ್ಕಳನ್ನು ಕಂಡಿದ್ದಾಳೆ, ಗ್ರಾನೈಟ್ ನೆಲದ ಮನೆ, ಈಗಲೂ ಹಾಗೆಯೇ ನಡೆಯುತ್ತಾಳೆ. ಹಿತ್ತಿಲಲ್ಲಿ ಬಚ್ಚಲುಮನೆ. ಅದರ ಗೋಡೆಗೆ ಒರಗಿಸಿ ಇಪ್ಪತ್ತಡಿಯ ಪೈಪುಗಳನ್ನು ಮಲಗಿಸಿರುತ್ತಿದ್ದರು. ಪೈಪು ಬೇಕಾದವರು ಸಂದಿಯ ಕಡೆಯ ಗೇಟಿನಿಂದ ನೇರ ಒಳಗೆ ಬಂದು ಆರಿಸಿಕೊಳ್ಳುತ್ತಿದ್ದರು. ಬೋರ್‌ವೆಲ್ ರಿಪೇರಿಯ ಪ್ಯಾರೂಸಾಬ್ ಒಬ್ಬರು ಮಾತ್ರ ಗೇಟಿನ ಹೊರಗೇ ನಿಂತು ಕೆಮ್ಮಿ, "ಅಮ್ಮಾ, ಪೈಪಿಗೆ ಬಂದೀನಿ" ಎಂದು ಕೂಗಿ, ಅಮ್ಮ ಬನ್ನಿ ಎಂದ ಮೇಲೆ ಬರುತ್ತಿದ್ದರು. ಮಿಕ್ಕವರಿಗೆ ಅದು ಮನೆ ಎಂಬುದೇ ಗೊತ್ತಿರಲಿಲ್ಲ. ಬಚ್ಚಲಿಗೆ ತಗಡಿನ ಬಾಗಿಲಿತ್ತು, ಚಿಲಕ ಇರಲಿಲ್ಲ. ಒಳಗೆ ಹೋದವರು ಒಂದು ಒಡೆದ ರುಬ್ಬುಗುಂಡನ್ನು ಕಾಲಿನಿಂದ ಉರುಳಿಸಿ ಬಾಗಿಲಿಗೆ ಒತ್ತು ಕೊಡಬೇಕು.

ಅಂಗಡಿಯ ಗೋಡೆಯ ಮೇಲೆ ಸಾಲುಸಾಲು ಚಿಲಕಗಳು ನೇತಾಡುತ್ತಿದ್ದವು. ಅವು ನಮ್ಮವಾಗಿರಲಿಲ್ಲ. ಅಪ್ಪ ಹುಡುಗನಾಗಿದ್ದಾಗ ಕೋಲಾರದ ಒಂದು ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದ. ಆ ಯಜಮಾನ ಸಂಜೆ ಆಳುಗಳ ಜೇಬು ತಡವಿ ಮನೆಗೆ ಬಿಡುತ್ತಿದ್ದನಂತೆ. ಒಂದು ದಿನ ಒಬ್ಬನ ಪಂಚೆಯ ಗಂಟಿನಲ್ಲಿ ಒಂದು ಹಿಡಿ ಮೊಳೆ ಸಿಕ್ಕಿತು. ಅವನನ್ನು ಬೀದಿಯಲ್ಲಿ ನಿಲ್ಲಿಸಿ ಬೈದು ಓಡಿಸಿದರು. ಈ ಕಥೆಯನ್ನು ಅಪ್ಪ ಊಟಕ್ಕೆ ಕೂತಾಗ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಸ್ವಂತ ಅಂಗಡಿ ಇಟ್ಟ ಮೇಲೂ ಸಂಜೆ ಬಾಗಿಲ ಹಲಗೆ ಜೋಡಿಸುವ ಮುಂಚೆ ತನ್ನ ಜೇಬನ್ನು ತಾನೇ ತಡವಿಕೊಳ್ಳುತ್ತಿದ್ದ. ನಾನು ಕಣ್ಣಾರೆ ಕಂಡಿದ್ದೇನೆ. ಗಲ್ಲಾಪೆಟ್ಟಿಗೆ ಅಂಗಡಿಯದು, ಷರ್ಟಿನ ಜೇಬು ಮನೆಯದು. ಶನಿವಾರ ಶನಿವಾರ ಗಲ್ಲಾದಿಂದ ಜೇಬಿಗೆ ಕೂಲಿ ಹಾಕಿಕೊಳ್ಳುತ್ತಿದ್ದ. ಮನೆ ನಡೆಯಬೇಕಾದ್ದು ಅಷ್ಟರಲ್ಲೇ. ಅಂಗಡಿಯ ಕಸದಲ್ಲಿ ಗುಡಿಸಿ ಬಂದ ಡೊಂಕು ಮೊಳೆಗಳನ್ನು ಮಾತ್ರ ನಾವು ಬಳಸಬಹುದಿತ್ತು, ಅವು ಸರಕೂ ಅಲ್ಲ, ಮಾರಾಟಕ್ಕೂ ಅಲ್ಲ ಎಂಬ ಕಾರಣಕ್ಕೆ. ನಮ್ಮ ಮನೆಯ ಗೋಡೆಗಳಲ್ಲಿ ನೆಟ್ಟಗಿನ ಮೊಳೆ ಒಂದೂ ಇರಲಿಲ್ಲ.

ಗಿರಾಕಿಗಳೆಲ್ಲ ತಾಯಲೂರು, ಬೈರಕೂರು, ಆವನಿ ಕಡೆಯವರು. ಅದರಲ್ಲೂ ಗಡಿ ಪಕ್ಕದ ಹಳ್ಳಿಯವರಿಗೆ ನಾವೂ ಒಂದೇ, ಆಂಧ್ರದ ಪಲಮನೇರೂ ಒಂದೇ. ಎರಡು ಕಡೆಗೂ ಬಸ್ಸಿತ್ತು, ಎರಡು ಭಾಷೆಯೂ ಬಾಯಲ್ಲಿತ್ತು. ಸಾಮಾನು ಕೈಯಲ್ಲಿ ಹಿಡಿದು ಅವರು ಹೇಳುತ್ತಿದ್ದ ಮಾತು ಒಂದೇ: ಆ ಕಡೆ ಎರಡು ರೂಪಾಯಿ ಕಮ್ಮಿ. ಅಪ್ಪನಿಗೆ ಆ ಮಾತು ಚೂರಿ ಹಾಕಿದಂತೆ. ನಾನು ಮೋಸಗಾರನೇನೋ ಎಂದು ಕೂಗಾಡುತ್ತಿದ್ದ. ಕೊನೆಗೊಂದು ದಿನ ನಿಜವೇನೆಂದು ತಿಳಿದುಬಿಡಲು ನನ್ನನ್ನು ಆ ಬಸ್ಸಿಗೆ ಹತ್ತಿಸಿದ. ಅಮ್ಮನ ತವರು ಪಲಮನೇರಿನ ಪಕ್ಕದ ಹಳ್ಳಿ, ನನ್ನ ತೆಲುಗು ಆ ಕಡೆಯವರ ತೆಲುಗಿನ ಹಾಗೇ ಇತ್ತು. ಅಲ್ಲಿಯ ದೊಡ್ಡ ಅಂಗಡಿಗೆ ಹೋಗಿ, "ಮಾ ಮೇಸ್ತ್ರಿ ರೇಟು ಅಡಿಗಿ ರಮ್ಮನ್ನಾಡು," ನಮ್ಮ ಮೇಸ್ತ್ರಿ ರೇಟು ಕೇಳಿಕೊಂಡು ಬಾ ಅಂದಿದ್ದಾರೆ, ಎನ್ನಬೇಕು. ಬರೆದುಕೊಳ್ಳಬಾರದು, ಬರೆದರೆ ಗೊತ್ತಾಗುತ್ತದೆ. ವಾರಕ್ಕೊಂದು ದಿನ ಶಾಲೆ ತಪ್ಪಿಸಿ ಹೋಗುತ್ತಿದ್ದೆ. ಅಲ್ಲಿನ ಸಾಹುಕಾರ ದಪ್ಪ ಕನ್ನಡಕದ ಮನುಷ್ಯ, ಒಂದು ದಿನವೂ ಗದರಲಿಲ್ಲ. ನಾನು ಕೇಳಿದ್ದಕ್ಕೆಲ್ಲ ನಿಧಾನವಾಗಿ ರೇಟು ಹೇಳಿ ಒಂದು ಪೆಪ್ಪರಮೆಂಟು ಕೈಗೆ ಹಾಕಿ ಕಳಿಸುತ್ತಿದ್ದ. ವಾಪಸ್ ಬಸ್ಸಿನಲ್ಲಿ ಮಗ್ಗಿಯ ಹಾಗೆ ರೇಟುಗಳನ್ನು ಗುಣುಗುಟ್ಟುತ್ತಾ ಬರುತ್ತಿದ್ದೆ. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬಳು ಈ ವಯಸ್ಸಿಗೇ ಎಷ್ಟು ಭಕ್ತಿ ಎಂದು ನನ್ನ ತಲೆ ಸವರಿದ್ದಳು.

ಮನೆಯಲ್ಲಿ ಅಪ್ಪ ಊಟಕ್ಕೆ ಕೂತು ಕಾಯುತ್ತಿದ್ದ. ನಾನು ಎದುರು ನಿಂತು ಒಪ್ಪಿಸಬೇಕು. ಎಲ್ಲವೂ ಆ ಕಡೆ ಕಮ್ಮಿಯೇ. ಅಪ್ಪ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಮಾರನೇ ಬೆಳಿಗ್ಗೆ ಅವರಿಗಿಂತ ನಾಲ್ಕಾಣೆ ಇಳಿಸಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಹೀಗೆ ಒಂದು ವರ್ಷ ನಡೆಯಿತು. ಅಂಗಡಿಯಲ್ಲಿ ಜನ ಜಾತ್ರೆಯ ಹಾಗೆ. ಗಡಿ ಕಡೆಯವರೆಲ್ಲ ನಮ್ಮಲ್ಲಿಗೇ ಬರುತ್ತಿದ್ದಾರೆ ಎಂದು ಅಪ್ಪ ಎದೆ ಸೆಟೆಸಿಕೊಂಡು ನಡೆಯುತ್ತಿದ್ದ. ಅದೇ ವರ್ಷ ನಮ್ಮ ಮನೆಗೆ ಮಜ್ಜಿಗೆ ನಿಂತಿತು, ಅಕ್ಕನ ಲಂಗಕ್ಕೆ ಕೆಳಗಡೆ ಎರಡು ಸಲ ಬಟ್ಟೆ ಜೋಡಿಸಿದರು, ಅಂಗಡಿಯ ಆಳನ್ನು ಬಿಡಿಸಿ ಕಳಿಸಿದರು. ಮುಂದೆ ಜನ ಹೆಚ್ಚಾದಷ್ಟೂ ಹಿಂದೆ ಅಕ್ಕಿ ಕಮ್ಮಿ ಆಗುತ್ತಿದೆ ಎಂದು ಅಮ್ಮ ಒಂದು ಸಲ ಹೇಳಿದಳು. ವ್ಯಾಪಾರದ ಮಾತು ಹೆಂಗಸರಿಗೆ ತಿಳಿಯುವುದಿಲ್ಲ ಎಂದು ಅಪ್ಪ ಪರದೆ ಎಳೆದ.

ಆಮೇಲೆ ಆ ಬೆಳಿಗ್ಗೆ. ಅಕ್ಕ ಮೈ ನೆರೆದು ಆರು ತಿಂಗಳಾಗಿರಬೇಕು. ಸ್ನಾನಕ್ಕೆ ಹೋಗಿದ್ದಳು. ಯಾರೋ ಒಬ್ಬ ಗಿರಾಕಿ, ಹೆಸರು ನನಗೆ ಗೊತ್ತು, ಬರೆಯುವುದಿಲ್ಲ, ಗೇಟು ತಳ್ಳಿಕೊಂಡು ಬಂದು ಅಡಿಯಲ್ಲಿದ್ದ ಪೈಪನ್ನು ಎಳೆದ. ಪೈಪಿನ ತುದಿ ತಗಡಿನ ಬಾಗಿಲಿಗೆ ಬಡಿಯಿತು, ರುಬ್ಬುಗುಂಡು ಉರುಳಿತು, ಬಾಗಿಲು ಪೂರ್ತಿ ತೆರೆದುಕೊಂಡಿತು. ಅವನು ಮುಖ ತಿರುಗಿಸಿಕೊಳ್ಳಬಹುದಿತ್ತು, ತಿರುಗಿಸಿಕೊಳ್ಳಲಿಲ್ಲ. ಅಮ್ಮ ಓಡಿಹೋಗಿ ಸೀರೆ ಅಡ್ಡ ಹಿಡಿದಳು. ಅವನು ಪೈಪು ಹೊತ್ತುಕೊಂಡು ಅಂಗಡಿಗೆ ಹೋದ, ಪಲಮನೇರಿನ ರೇಟು ಹೇಳಿದ, ಅಪ್ಪ ಅದಕ್ಕಿಂತ ಇಳಿಸಿ ಕೊಟ್ಟ. ಅಕ್ಕ ಮಧ್ಯಾಹ್ನದ ತನಕ ಬಚ್ಚಲಿನಿಂದ ಹೊರಗೆ ಬರಲಿಲ್ಲ. ಊಟದ ಹೊತ್ತಿಗೆ ಅಮ್ಮ ಕೇಳಿದಳು.

"ರೀ, ಬಚ್ಚಲಿಗೊಂದು ಚಿಲಕ ಹಾಕ್ಸಿ. ಹುಡುಗಿ ದೊಡ್ಡೋಳಾಗಿದಾಳೆ."

"ನೋಡಾಣ. ಹಳೇದು ಎಲ್ಲಾದ್ರೂ ಸಿಗುತ್ತೆ."

"ಗೋಡೆ ತುಂಬ ನೇತಾಕ್ಕೊಂಡು ಕೂತಿದೀರ. ಮನೆಗೆ ಹಳೇದು ಹುಡುಕ್ತೀರಾ?"

"ಅದು ಅಂಗಡೀದು."

ಆವತ್ತಿನಿಂದ ಅಕ್ಕ ಅಂಗಡಿ ತೆರೆಯುವುದಕ್ಕೆ ಮುಂಚೆ ಸ್ನಾನ ಮಾಡಬೇಕು, ಇಲ್ಲವೇ ಅಮ್ಮ ಹೊರಗೆ ಕಾವಲು ನಿಲ್ಲಬೇಕು. ಹಿತ್ತಿಲಲ್ಲಿ ಪೈಪಿನ ಸದ್ದಾದರೆ ಅಕ್ಕ ಎಲ್ಲಿದ್ದರೂ ಎದೆಯ ಮೇಲೆ ಕೈ ಕಟ್ಟಿಕೊಳ್ಳುತ್ತಿದ್ದಳು. ಅಮ್ಮನೂ ಅಕ್ಕನೂ ಮಂಡಿಯವರಿಗೆ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸಿಕೊಡುತ್ತಿದ್ದರು. ಆ ಕೂಲಿಯಲ್ಲಿ ಉಳಿಸಿದ ಏಳು ರೂಪಾಯಿಯನ್ನು ಅಮ್ಮ ನನ್ನ ಕೈಗಿಟ್ಟಳು. ನೋಟುಗಳು ಹುಣಸೆಹುಳಿಯಿಂದ ಅಂಟಂಟಾಗಿದ್ದವು. ಪಲಮನೇರಿನಲ್ಲಿ ಆರಿಂಚಿನ ಚಿಲಕ ಏಳು ರೂಪಾಯಿ ಎಂದು ನಾನೇ ವಾರವಾರವೂ ಒಪ್ಪಿಸುತ್ತಿದ್ದೆನಲ್ಲ, ಅವಳು ಅಡುಗೆಮನೆಯಿಂದ ಕೇಳಿಸಿಕೊಂಡಿದ್ದಳು. ನಮ್ಮ ಅಂಗಡಿಯಲ್ಲೇ ಆರು ಮುಕ್ಕಾಲಿಗೆ ಸಿಗುತ್ತದಲ್ಲ ಎಂದೆ.

"ನನ್ನ ಮಗಳ ಮಾನಕ್ಕೆ ನಾನು ಆ ಗಲ್ಲಾಪೆಟ್ಟಿಗೆಗೆ ಕಾಸು ಹಾಕ್ಬೇಕೇನೋ? ದಾರೀಲಿ ಹೋಗೋನಿಗೆ ಬೇಕಾದ್ರೂ ಕೊಡ್ತೀನಿ, ಅಲ್ಲಿಗೆ ಹಾಕಲ್ಲ. ಹೋಗು."

ಆ ವಾರ ಮೊದಲ ಸಲ ನಾನು ಆ ಅಂಗಡಿಗೆ ಕೊಳ್ಳಲು ಹೋದೆ. ಚಿಲಕ ಬೇಕು ಎಂದೆ, ಏಳು ರೂಪಾಯಿ ಗಲ್ಲಾದ ಮೇಲಿಟ್ಟೆ. ಸಾಹುಕಾರ ನೋಟುಗಳನ್ನು ನೋಡಿ, ಇನ್ನೂ ಎರಡು ರೂಪಾಯಿ ಕೊಡು, ಒಂಬತ್ತು ಎಂದ. ಹೋದ ವಾರ ನೀವೇ ಏಳು ಅಂದಿರಲ್ಲ ಎಂದೆ. ಅವನು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಾ ಹೇಳಿದ.

"ಅಡಿಗೇವಾಳ್ಳಕಿ ಏಡು, ಕೊನೇವಾಳ್ಳಕಿ ತೊಮ್ಮಿದಿ."

ಕೇಳುವವರಿಗೆ ಏಳು, ಕೊಳ್ಳುವವರಿಗೆ ಒಂಬತ್ತು. ಅಂಗಡಿಯ ಆಳುಗಳು ನಕ್ಕರು. ನಾನು ಯಾರ ಮಗ ಎಂದು ಅವನಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ಮೇಸ್ತ್ರಿಯ ಹುಡುಗನ ಕಾಲಿಗೆ ಸಿಮೆಂಟು ಮೆತ್ತಿರುತ್ತದೆ, ನನ್ನ ಕಾಲಿಗೆ ತುಕ್ಕು ಮೆತ್ತಿತ್ತು. ಮೇಸ್ತ್ರಿಯ ಹುಡುಗ ಮೊಳೆಯನ್ನು ನೋಡುತ್ತಾನೆ, ನಾನು ಅಂಗೈಯಲ್ಲಿಟ್ಟು ತೂಗಿ ನೋಡಿದ್ದೆ. ಹಾಗಾಗಿ ಒಂದು ವರ್ಷದಿಂದ ನನಗಾಗಿಯೇ ಬೇರೆ ರೇಟು ಹೇಳಿ ಕಳಿಸುತ್ತಿದ್ದ. ಆ ರೇಟಿಗೆ ಅವನು ಯಾರಿಗೂ ಒಂದು ಮೊಳೆಯನ್ನೂ ಮಾರಿರಲಿಲ್ಲ. ಮಾರಿದ್ದು ನಮ್ಮಪ್ಪ. ಇಷ್ಟು ಹೇಳಿ ಒಂದು ಚಿಲಕವನ್ನು ಪೇಪರಿನಲ್ಲಿ ಸುತ್ತಿ ಮುಂದೆ ತಳ್ಳಿದ. ದುಡ್ಡು ಬೇಡ, ನಿಮ್ಮಪ್ಪನಿಗೆ ನಾನು ಕೊಟ್ಟೆ ಅಂತ ಹೇಳು, ಪಾಪ, ಅವರ ಅಂಗಡಿಯಲ್ಲಿ ಚಿಲಕ ಮುಗಿದಿರಬೇಕು ಎಂದ.

ನಾನು ಕೈ ಚಾಚಿದೆ. ಅಕ್ಕ ಕಣ್ಣ ಮುಂದಿದ್ದಳು. ಪೇಪರಿನ ತನಕ ಹೋದ ಕೈಯನ್ನು ಮತ್ತೆ ಹಿಂದಕ್ಕೆ ತೆಗೆದುಕೊಂಡೆ. ಇಷ್ಟು ವರ್ಷದಲ್ಲಿ ಅದನ್ನು ಸರಿ ಎಂದೂ ತಪ್ಪು ಎಂದೂ ಎಷ್ಟೋ ಸಲ ವಾದ ಮಾಡಿಕೊಂಡಿದ್ದೇನೆ. ಸ್ನಾನ ಮಾಡಬೇಕಾದವಳು ಅಕ್ಕ, ಮಾನದ ಲೆಕ್ಕ ಹಾಕಿದವನು ನಾನು. ಆವತ್ತು ಮಾತ್ರ ಏಳು ರೂಪಾಯಿ ಎತ್ತಿಕೊಂಡು ಇಳಿದುಬಂದೆ. ಬಸ್ಸು ಹತ್ತಲಿಲ್ಲ. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಆ ಅಂಗಡಿಯಿಂದ ಸಾಮಾನು ಹಿಡಿದು ಬಂದವರನ್ನೆಲ್ಲ ಎಷ್ಟು ಕೊಟ್ಟಿರಿ ಎಂದು ಕೇಳಿದೆ. ಮೊಳೆ, ತಂತಿ, ಬೀಗ, ಗುದ್ದಲಿ. ಒಂದು ವರ್ಷದ ಹಿಂದೆ ನಮ್ಮ ಅಂಗಡಿಯಲ್ಲಿದ್ದ ರೇಟುಗಳೇ ಅವು, ನಾಲ್ಕಾಣೆ ಆಚೆ ಈಚೆ. ಗಡಿಯ ಎರಡು ಕಡೆಗೂ ರೇಟು ಒಂದೇ ಇತ್ತು. ಕಮ್ಮಿ ಎಂದು ಗಿರಾಕಿಗಳು ಬಾಯಿಗೆ ಬಂದದ್ದನ್ನು ಹೇಳಿದ್ದರು, ಸಾಹುಕಾರ ಅದನ್ನು ನಿಜ ಮಾಡಿ ನನ್ನ ಕೈಯಲ್ಲಿ ಕಳಿಸಿದ್ದ, ನಾನು ಒಂದು ಅಂಕೆಯೂ ತಪ್ಪದೆ ತಂದು ಒಪ್ಪಿಸಿದ್ದೆ. ಸಾಹುಕಾರ ಕೊಟ್ಟ ಪೆಪ್ಪರಮೆಂಟು ಒಂದನ್ನೂ ಬಿಡದೆ ತಿಂದಿದ್ದೆ.

ಸಂಜೆ ಮನೆಗೆ ಬಂದಾಗ ಅಪ್ಪ ತಟ್ಟೆಯ ಮುಂದೆ ಕೂತಿದ್ದ. ಎದುರು ನಿಂತು ನಿಜವಾದ ರೇಟುಗಳನ್ನು ಒಪ್ಪಿಸಿದೆ. ಒಂದೊಂದಕ್ಕೂ ಅವನ ಮುಖ ಅರಳುತ್ತಾ ಹೋಯಿತು.

"ಏರಿಸ್ಬಿಟ್ನಾ ಕೊನೆಗೆ? ನನ್ನ ಮುಂದೆ ಎಷ್ಟು ದಿನ ತಡೀತಾನೆ."

"ಏರಿಸಿಲ್ಲ ಅಪ್ಪ. ಮೊದ್ಲಿಂದ್ಲೂ ಅಷ್ಟೇ. ನಂಗೆ ಸುಳ್ಳು ರೇಟು ಹೇಳ್ತಿದ್ದ."

"ನಿಂಗೆ ಯಾರ್ಲಾ ಹೇಳಿದ್ದು?"

"ಕೊಂಡ್ಕೊಳ್ಳೋಕೆ ಹೋಗಿದ್ದೆ. ಬಚ್ಚಲಿಗೆ ಚಿಲಕ."

ಅಪ್ಪ ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. ನಂಬುವುದಿಲ್ಲ ಎಂದುಕೊಂಡೆ, ತಕ್ಷಣ ನಂಬಿದ. ವ್ಯಾಪಾರಿಯಲ್ಲವೇ. ಮುದ್ದೆಯ ಮೇಲಿದ್ದ ಕೈ ಹಾಗೇ ನಿಂತಿತು, ತುಟಿ ಮಾತ್ರ ಅಲುಗುತ್ತಿತ್ತು, ಒಂದು ವರ್ಷದ ಮೂಟೆಗಳನ್ನು ಒಂದೊಂದಾಗಿ ತೂಗುತ್ತಿದ್ದವನಂತೆ. ಆಮೇಲೆ ತಟ್ಟೆಯಲ್ಲೇ ಕೈ ತೊಳೆದ. ಇವನನ್ನು ಅಲ್ಲಿ ಚಿಲಕ ಕೊಳ್ಳಲು ಕಳಿಸಿದ್ದು ಯಾರು ಎಂದ. ಅಮ್ಮ ಅಡುಗೆಮನೆಯಿಂದ ಬಂದು ಅವನೆದುರು ನಿಂತಳು.

"ನಾನೇ. ವರ್ಷದಿಂದ ಊರೋರಿಗೆಲ್ಲ ಒಂದೊಂದು ರೇಟು ಮಾಡಿ ಕೊಟ್ರಿ. ನಿಮ್ಮ ಮಗಳಿಗೆ ಯಾವ ರೇಟು, ಅದನ್ನ ಹೇಳಿ."

ಅಕ್ಕ ಮೊಳೆಮೂಟೆಗಳ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದಳು.

ಬೆಳಿಗ್ಗೆ ಅಪ್ಪ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹಳೆಯ ರೇಟುಗಳನ್ನೆಲ್ಲ ಮತ್ತೆ ಬರೆದ. ನಾನು ಮೆಟ್ಟಿಲ ಮೇಲಿದ್ದೆ. ಪ್ಯಾರೂಸಾಬ್ ವಾಷರಿಗೆಂದು ಬಂದು ಬೀಡಿ ಹಚ್ಚಿಕೊಂಡು ನಿಂತಿದ್ದರು. ಬೈರಕೂರಿನ ಇಬ್ಬರು ತಂತಿಯ ಸುರುಳಿ ಒತ್ತಿ ನೋಡುತ್ತಿದ್ದರು. ಇನ್ನೂ ಬೋಣಿ ಆಗಿರಲಿಲ್ಲ. ದಿನದ ಮೊದಲ ವ್ಯಾಪಾರದ ವಿಷಯದಲ್ಲಿ ಅಪ್ಪ ಬಹಳ ಕಟ್ಟುನಿಟ್ಟು. ಬೋಣಿ ಗಿರಾಕಿ ಬರಿಗೈಯಲ್ಲಿ ಹೋಗಬಾರದು, ಬೋಣಿಯಲ್ಲಿ ಸಾಲ ಕೂಡದು. ಅಷ್ಟರಲ್ಲಿ ಬೀದಿಯ ಕಡೆಯಿಂದ ಅಮ್ಮ ಬಂದಳು. ಪರದೆ ಸರಿಸಿದ್ದರೆ ನಾಲ್ಕು ಹೆಜ್ಜೆ. ಅವಳು ಹಿತ್ತಿಲ ಗೇಟು ದಾಟಿ, ಸಂದಿ ಸುತ್ತಿ, ಪೇಟೆಯ ಎದುರು ನಡೆದು ಬಂದಿದ್ದಳು. ನಮ್ಮ ಮನೆಯ ಹೆಂಗಸು ಅಂಗಡಿಯ ಮುಂದೆ ನಿಂತದ್ದು ಅದೇ ಮೊದಲು. ಪ್ಯಾರೂಸಾಬ್ ಬೀಡಿ ಬಿಸಾಡಿ ಪಕ್ಕಕ್ಕೆ ಸರಿದರು.

"ಆರಿಂಚಿನ ಚಿಲಕ ಒಂದು ಕೊಡಿ."

"ಒಂಬತ್ತು ರೂಪಾಯಿ" ಎಂದ ಅಪ್ಪ, ಅವಳನ್ನು ನೋಡದೆ.

"ನಿನ್ನೆ ಗಂಟ ಆರು ಮುಕ್ಕಾಲಿತ್ತು."

"ನಿನ್ನೆ ಗಂಟ ಇತ್ತು."

"ಪಲಮನೇರಲ್ಲಿ ಏಳಂತೆ."

ಬೈರಕೂರಿನವರು ತಂತಿ ಕೈಬಿಟ್ಟು ನೋಡತೊಡಗಿದರು. ಆ ಗಲ್ಲಾಪೆಟ್ಟಿಗೆಗೆ ಕಾಸು ಹಾಕಲ್ಲ ಎಂದಿದ್ದ ಅಮ್ಮ, ನಾನು ವಾಪಸ್ ತಂದಿದ್ದ ಅದೇ ಏಳು ರೂಪಾಯಿಯನ್ನು ಗಲ್ಲಾದ ಮೇಲಿಟ್ಟು ಕೈ ಕಟ್ಟಿ ನಿಂತಳು. ಮಾತಿಗೆ ಮಾತು ಬೆಳೆಯುತ್ತದೆ ಎಂದು ನಾನು ಕಾದೆ, ಬೆಳೆಯಲಿಲ್ಲ. ಅಪ್ಪ ಆ ಅಂಟು ನೋಟುಗಳನ್ನು ಬಹಳ ಹೊತ್ತು ನೋಡಿದ. ಬರಿಗೈಯಲ್ಲಿ ಕಳಿಸುವಂತಿಲ್ಲ, ಎರಡು ರೂಪಾಯಿ ಸಾಲ ನಿಲ್ಲಿಸುವಂತಿಲ್ಲ, ಒರೆಸಿದ ರೇಟಿಗೆ ಮತ್ತೆ ಇಳಿಯುವಂತಿಲ್ಲ. ಕೊನೆಗೆ ಷರ್ಟಿನ ಜೇಬಿಗೆ ಕೈ ಹಾಕಿ ಎರಡು ರೂಪಾಯಿ ತೆಗೆದು ಅವಳ ಏಳಕ್ಕೆ ಸೇರಿಸಿದ, ಒಂಬತ್ತನ್ನೂ ಕಣ್ಣಿಗೆ ಒತ್ತಿಕೊಂಡ, ಗಲ್ಲಾಪೆಟ್ಟಿಗೆಗೆ ಹಾಕಿದ. ಗೋಡೆಯಿಂದ ಒಂದು ಚಿಲಕ ಇಳಿಸಿ ಅವಳ ಮುಂದಿಟ್ಟ.

"ಸ್ಕ್ರೂ ಬೇರೆ" ಎಂದ.

ಅಮ್ಮ ಸ್ಕ್ರೂ ಕೇಳಲಿಲ್ಲ. ಬಂದ ದಾರಿಯಲ್ಲೇ, ಬೀದಿ ಸುತ್ತಿಕೊಂಡು ಹೋದಳು. ಬೈರಕೂರಿನವನೊಬ್ಬ ನಕ್ಕು, ತಂತಿಗೂ ಆ ಕಡೆಯ ರೇಟು ಹೇಳಿದ. ಅಪ್ಪ ತಂತಿಯನ್ನು ಅವನ ಕಾಲ ಬಳಿಯಿಂದ ಎತ್ತಿಕೊಂಡ.

"ಹತ್ತಕ್ಕೆ ಬಸ್ಸಿದೆ, ಹೋಗು" ಎಂದ.

ಆ ಇಬ್ಬರೂ ಹೋದರು. ಅವರ ಹಿಂದೆ ಬಹಳ ಜನ ಹೋದರು. ಅವರಲ್ಲಿ ಯಾರೂ ಪಲಮನೇರಿಗೆ ಹೋಗಿ ಒಂದು ಕಾಸು ಉಳಿಸಿರಲಾರರು, ಆದರೂ ವಾಪಸ್ ಬರಲಿಲ್ಲ. ಆಳು ಇಲ್ಲದ ಅಂಗಡಿಗೆ ಆ ಬೇಸಗೆ ಕಳೆದ ಮೇಲೆ ನಾನೇ ಆಳಾದೆ. ಏಳನೇ ಕ್ಲಾಸಿಗೆ ನನ್ನ ಓದು ನಿಂತಿತು. ಅದಕ್ಕೆ ನನಗೆ ದುಃಖವಿಲ್ಲ. ಈಗಿನ ಅಂಗಡಿಯ ಒಂದೊಂದು ಕಲ್ಲೂ ನನ್ನ ಬೆನ್ನಿನ ದುಡಿಮೆ. ಆದರೆ ಅಪ್ಪನ ಎದುರು ನಿಂತು ರೇಟು ಒಪ್ಪಿಸಿದ ಹುಡುಗನನ್ನು ಅಪ್ಪ ಕ್ಷಮಿಸಲಿಲ್ಲ, ನನಗದು ಗೊತ್ತಿತ್ತು. ತಾನು ಮೋಸಹೋದದ್ದನ್ನು ಕಂಡ ಕಣ್ಣುಗಳನ್ನು ಅವನು ಮತ್ತೆ ನೇರವಾಗಿ ನೋಡಲಿಲ್ಲ.

ಚಿಲಕವನ್ನು ಆವತ್ತೇ ನಾನು ಹಾಕಿದೆ. ಕಸದ ಡೊಂಕು ಮೊಳೆಗಳನ್ನು ರುಬ್ಬುಗುಂಡಿನ ಮೇಲಿಟ್ಟು ತಟ್ಟಿ ನೆಟ್ಟಗೆ ಮಾಡಿಕೊಂಡೆ. ನನ್ನ ಜೀವನದ ಮೊದಲ ಕೆಲಸ ಅದು, ಸೊಟ್ಟಗೆ ಕೂತಿತು. ಅಕ್ಕ ಒಳಗೆ ಹೋಗಿ ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಆಮೇಲೆ ನೀರು ಸುರಿಯುವ ಸದ್ದು ಬಂತು. ಹಿತ್ತಿಲಲ್ಲಿ ಯಾರೋ ಪೈಪು ಎಳೆದರು, ನೀರಿನ ಸದ್ದು ನಿಲ್ಲಲಿಲ್ಲ.

ಅಪ್ಪ ಆ ಚಿಲಕವನ್ನು ಒಂದು ದಿನವೂ ಮುಟ್ಟಲಿಲ್ಲ. ಅದರ ಬೆಲೆಯಲ್ಲಿ ಅವನ ಎರಡು ರೂಪಾಯಿಯೂ ಇತ್ತು, ಆದರೂ ಮುಟ್ಟಲಿಲ್ಲ. ಸಾಯುವ ತನಕ ಅವನು ಸ್ನಾನಕ್ಕೆ ಹೋದ ಒಂದೊಂದು ದಿನವೂ ನಮಗೆ ಅಡುಗೆಮನೆಯಲ್ಲಿ ಕೇಳಿಸುತ್ತಿದ್ದದ್ದು, ಅವನ ಕಾಲು ಒಡೆದ ರುಬ್ಬುಗುಂಡನ್ನು ಬಾಗಿಲಿನ ತನಕ ಉರುಳಿಸಿಕೊಂಡು ಹೋಗುವ ಸದ್ದು.